ಕೋಸಂಬರಿಯ ಮೇಲಿನ ಕುರುಕಲು

ಎಳೆಯ ಸೌತೆಕಾಯಿಯನ್ನು ಕಚ್ಚಿದಾಗ ಕರುಂ ಎಂಬ ಸದ್ದಾಗುವುದು. ಕರಿದ ಕಡಲೆಬೇಳೆಯನ್ನು ಕಚ್ಚಿದಾಗಲೂ ಅಂತಹುದೇ ಸದ್ದು. ಕಿವಿಗೆ ಇವೆರಡೂ ಒಂದೇ ಬಳಗದವುಗಳಂತೆ ತೋರಿದರೂ ಇವುಗಳ ಹುಟ್ಟು ಒಂದಕ್ಕೊಂದು ವಿರುದ್ಧವಾದುದು. ಸೌತೆಕಾಯಿಯು ನೀರು ತುಂಬಿಕೊಂಡಿರುವುದರಿಂದ ಗರಿಗರಿಯಾಗಿದೆ. ಬೇಳೆಯು ನೀರನ್ನು ಕಳೆದುಕೊಂಡಿರುವುದರಿಂದ ಗರಿಗರಿಯಾಗಿದೆ. ಇವೆರಡನ್ನೂ ಉಪ್ಪಿನೊಡನೆ ಒಂದೇ ಬಟ್ಟಲಲ್ಲಿ ಕಲಸಿ ಅರ್ಧ ಗಂಟೆ ಇಟ್ಟರೆ ಎರಡೂ ಕೆಡುತ್ತವೆ. ಏಕೆ ಕೆಡುತ್ತವೆ, ಕೆಡದಂತೆ ಏನು ಮಾಡಬೇಕು ಎಂಬುದೇ ಈ ಪಾಠದ ವಿಷಯ.

ಅಡಿಗೆಮನೆಯ ಮಾತಿಗೆ ಪಾಠದ ಗೌರವವೇಕೆ ಎಂದು ಹುಬ್ಬೇರಿಸಬೇಡಿರಿ. ಮಧ್ಯಾಹ್ನದ ಬಿಡುವಿನಲ್ಲಿ ನಿಮ್ಮ ಡಬ್ಬಿಗಳನ್ನು ನಾನು ನೋಡುತ್ತ ಬಂದಿದ್ದೇನೆ. ನಸುಕಿನಲ್ಲೆದ್ದು ತಾಯಿಯು ಹೆಚ್ಚಿ ಕಟ್ಟಿದ ಕೋಸಂಬರಿಯು ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟು, ಮೆತ್ತಗಾಗಿ, ಯಾರೂ ಮುಟ್ಟದೆ ಮನೆಗೆ ಮರಳುವುದು. ಅದರ ಸ್ಥಾನಕ್ಕೆ ಮೂಲೆಯ ಅಂಗಡಿಯಿಂದ ಉಪ್ಪುಖಾರದ ಪೊಟ್ಟಣ ಬರುವುದು. ಮಕ್ಕಳಿಗೆ ತರಕಾರಿ ಸೇರದೆಂದು ಹಿರಿಯರು ಹೇಳುವರು. ನನಗೆ ಹಾಗೆ ತೋರದು. ನಿಮಗೆ ಸೇರದಿರುವುದು ಮೆತ್ತಗಾದ ತರಕಾರಿ.

ತರಕಾರಿಯ ಮೈ ಲೆಕ್ಕವಿಲ್ಲದಷ್ಟು ಜೀವಕೋಶಗಳಿಂದ ಆದುದು. ಒಂದೊಂದು ಕೋಶವೂ ನೀರು ತುಂಬಿ ಬಿಗಿದ ಪುಟ್ಟ ಚೀಲ. ಸೌತೆಕಾಯಿಯ ತೂಕದಲ್ಲಿ 100 ಕ್ಕೆ ಸುಮಾರು 95 ಪಾಲು ನೀರೇ ಇರುವುದು. ಹೆಚ್ಚಿದ ಹೋಳಿಗೆ ಉಪ್ಪು ಬಿದ್ದೊಡನೆ ಒಳಗಿನ ನೀರು ಕೋಶದ ಪೊರೆಯನ್ನು ದಾಟಿ ಉಪ್ಪಿರುವ ಕಡೆಗೆ ಹರಿದು ಬರುವುದು. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಅಭಿಸರಣ ಎಂಬ ಹೆಸರುಂಟು. ಚೀಲಗಳು ಸಡಿಲಗೊಂಡಂತೆ ಹೋಳು ಬಾಡುವುದು.

ಬೇಳೆಯ ಕಥೆಯೇ ಬೇರೆ. ಕರಿದಾಗ ಅದರೊಳಗಿನ ಪಿಷ್ಟವೂ ಸಸಾರಜನಕವೂ ಒಣಗಿ ಗಾಜಿನಂತೆ ಬಿರುಸಾಗುವುವು. ಹಲ್ಲಿಗೆ ಸಿಕ್ಕಾಗ ಗಾಜಿನಂತೆಯೇ ಸದ್ದುಮಾಡಿ ಒಡೆಯುವುವು. ಅದಕ್ಕೆ ಸ್ವಲ್ಪ ನೀರು ತಗುಲಿದರೆ ಸಾಕು, ಗಾಜಿನ ಗುಣ ಹೋಗಿ ರಬ್ಬರಿನ ಗುಣ ಬರುವುದು. ಬಟ್ಟಲಲ್ಲಿ ಸೌತೆಕಾಯಿ ಬಿಟ್ಟ ನೀರನ್ನು ಕುಡಿಯುವುದು ಈ ಬೇಳೆಯೇ.

ಈ ಶಾಸ್ತ್ರವನ್ನು ಓದದೆಯೇ ನಮ್ಮ ಹಿರಿಯರು ಅದರಂತೆ ನಡೆದುಕೊಂಡರು. ಕೋಸಂಬರಿಯ ಒಗ್ಗರಣೆಯಲ್ಲಿ ಕೆಂಪಗೆ ಹುರಿದ ಉದ್ದಿನಬೇಳೆ ಇರುವುದಷ್ಟೆ; ಅದೂ ಒಂದು ಕುರುಕಲೇ. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿಯ ಜೊತೆಗೆ ಸೌತೆಕಾಯಿ, ಉಳ್ಳಾಗಡ್ಡಿ, ಹಸಿ ಮೆಂತ್ಯದ ಸೊಪ್ಪನ್ನಿಟ್ಟು, ಅದರ ಮೇಲೆ ಗುರೆಳ್ಳಿನ ಅಥವಾ ಶೇಂಗಾದ ಹಿಂಡಿಯನ್ನು ಉದುರಿಸಿಕೊಳ್ಳುವರು. ಇಲ್ಲಿ ಮುಂಬಯಿಯಲ್ಲಿ ನಮ್ಮ ನೆರೆಯ ಮರಾಠಿ ಮನೆಗಳ ಕೋಶಿಂಬೀರಿಗೆ ಹುರಿದ ಶೇಂಗಾವನ್ನು ತರಿಯಾಗಿ ಕುಟ್ಟಿ ಹಾಕುವುದನ್ನು ನೀವೂ ಕಂಡಿರಬಹುದು. ಇವೆಲ್ಲವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದುದು ಕರಾವಳಿಯ ಕೊಂಕಣಿಗರ ಹಪ್ಪಳದ ಕಿಸ್ಮುರಿ. ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿಗಳನ್ನು ಮೊದಲೇ ಸಿದ್ಧಪಡಿಸಿಟ್ಟು, ಎಲೆ ಹಾಕಿ ಎಲ್ಲರೂ ಕುಳಿತ ಮೇಲೆಯೇ ಹಪ್ಪಳವನ್ನು ಮುರಿದು ಬೆರೆಸುವರು. ಮೊದಲೇ ಬೆರೆಸಿಟ್ಟರೆ ಅದು ಕಿಸ್ಮುರಿಯಾಗಿ ಉಳಿಯದು.

ಇನ್ನು ಮಾಡುವ ಬಗೆ. ಒಂದು ಬಟ್ಟಲು ಕಡಲೆಬೇಳೆಯನ್ನು ತೊಳೆದು ಸುಮಾರು 3 ಗಂಟೆಗಳ ಕಾಲ ನೆನೆಯಿಡಿರಿ. ಉಗುರಿನಿಂದ ಒತ್ತಿದರೆ ಮುರಿಯುವಷ್ಟು ನೆನೆದಿರಬೇಕು. ಒಣಗಿಸುವುದೇ ಗುರಿಯಾಗಿರುವಾಗ ನೆನೆಯಿಡುವುದೇಕೆಂದು ಕೇಳುವಿರಿ, ಕೇಳತಕ್ಕ ಪ್ರಶ್ನೆಯೇ. ನೆನೆಯದ ಬೇಳೆಯನ್ನು ಎಣ್ಣೆಗೆ ಹಾಕಿದರೆ ಅದು ಕಂದುವುದೇ ಹೊರತು ಕಲ್ಲಿನಂತೆಯೇ ಉಳಿಯುವುದು. ನೆನೆದ ಬೇಳೆಯೊಳಗಿನ ನೀರು ಬಿಸಿ ಎಣ್ಣೆಯಲ್ಲಿ ಆವಿಯಾಗಿ ಹೊರಬೀಳುವಾಗ ದಾರಿಯುದ್ದಕ್ಕೂ ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುವುದು. ಈ ರಂಧ್ರಗಳಿಂದಲೇ ಬೇಳೆ ಹಗುರಾಗಿ, ಹಲ್ಲಿಗೆ ಸುಲಭವಾಗುವುದು.

ನೆನೆದ ಬೇಳೆಯನ್ನು ಬಸಿದು, ಬಟ್ಟೆಯ ಮೇಲೆ ಹರಡಿ, ಮೇಲಿನ ಪಸೆಯೆಲ್ಲ ಆರುವವರೆಗೆ ಬಿಡಬೇಕು. ಇದರಲ್ಲಿ ಅವಸರ ಸಲ್ಲದು. ಹಸಿ ನೀರು ಬಿಸಿ ಎಣ್ಣೆಗೆ ಬಿದ್ದರೆ ಸಿಡಿದು ಕೈಯನ್ನೋ ಮುಖವನ್ನೋ ಸುಡುವುದು. ಕರಿಯುವ ಕೆಲಸವನ್ನು ಹಿರಿಯರು ಹತ್ತಿರವಿದ್ದಾಗಲೇ ಮಾಡತಕ್ಕದ್ದು. ಒಂದೊಂದು ಹಿಡಿಯಂತೆ ಹಾಕಿರಿ. ಎಣ್ಣೆಯಲ್ಲಿ ಗುಳ್ಳೆಗಳು ದಟ್ಟವಾಗಿ ಏಳುವುವು. ಆ ಗುಳ್ಳೆಗಳು ಎಣ್ಣೆಯವಲ್ಲ, ಬೇಳೆಯಿಂದ ಹೊರಡುವ ನೀರಾವಿಯವು. ಗುಳ್ಳೆಗಳ ಅಬ್ಬರ ಇಳಿಯಿತೆಂದರೆ ನೀರು ಬಹುಮಟ್ಟಿಗೆ ತೀರಿತೆಂದರ್ಥ; ಆಗ ತೆಗೆಯಬೇಕು. ಗಡಿಯಾರಕ್ಕಿಂತ ಈ ಗುರುತು ಹೆಚ್ಚು ನಂಬತಕ್ಕದ್ದು. ಉಪ್ಪು, ಮೆಣಸಿನಪುಡಿಗಳನ್ನು ಬಿಸಿಯಿರುವಾಗಲೇ ಸವರಿದರೆ ಅಂಟಿಕೊಳ್ಳುವುವು.

ನೆಲಗಡಲೆಗೆ, ಅಂದರೆ ಶೇಂಗಾಕ್ಕೆ, ಎಣ್ಣೆಯೇ ಬೇಡ, ಅದರೊಳಗೇ ಬೇಕಾದಷ್ಟಿದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ 12 ರಿಂದ 15 ನಿಮಿಷ ಕೈಯಾಡಿಸುತ್ತ ಹುರಿಯಬೇಕು. ಇಲ್ಲಿ ಎಳೆಯರು ಮೋಸಹೋಗುವುದುಂಟು. ಬಾಣಲೆಯಿಂದ ತೆಗೆದ ಕಾಳು ಬಿಸಿಯಾಗಿರುವಾಗ ಮೆತ್ತಗಿರುವುದು. ಹುರಿದುದು ಸಾಲದೆಂದು ಮತ್ತೆ ಉರಿಗಿಟ್ಟರೆ ಕರಿಕಾಗಿ ಕಹಿಯಾಗುವುದು. ಗರಿಗರಿ ಬರುವುದು ಆರಿದ ಮೇಲೆಯೇ. ಒಂದು ಕಾಳನ್ನು ಹೊರಗೆ ತೆಗೆದು, ಆರಿಸಿ, ಕಚ್ಚಿ ನೋಡಿ ತೀರ್ಮಾನಿಸಿರಿ. ಹುರಿದಾಗ ಏಳುವ ಹೊಂಬಣ್ಣಕ್ಕೂ ಸುವಾಸನೆಗೂ ಕಾರಣವಾದ ರಾಸಾಯನಿಕ ಕ್ರಿಯೆಯನ್ನು 1912 ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಎಂಬ ವಿಜ್ಞಾನಿ.

ಎಳ್ಳು, ಗುರೆಳ್ಳುಗಳಿಗೆ ಹೆಚ್ಚು ಹೊತ್ತು ಬೇಡ; ಚಟಚಟನೆ ಸಿಡಿಯತೊಡಗಿದರೆ ಸಾಕು. ತೆಳು ಅವಲಕ್ಕಿಯೂ ಹಾಗೆಯೇ. ಮುಂಬಯಿಯಲ್ಲಿ ಮನೆಮನೆಗೂ ಬರುವ ಪಾವನ್ನೂ ಮರೆಯಬಾರದು. ನಿನ್ನೆಯ ಪಾವನ್ನು ಉಗುರಿನಷ್ಟು ತುಂಡುಗಳಾಗಿ ಕೊಯ್ದು, ಒಂದು ಚಮಚ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮಗುಚುತ್ತ ಹುರಿದರೆ ಒಳ್ಳೆಯ ಕುರುಕಲಾಗುವುದು. ಹೊಸ ಪಾವಿಗಿಂತ ಒಣಗಿದ ಪಾವೇ ಇದಕ್ಕೆ ಲೇಸು. ಮಿಕ್ಕ ಚಪಾತಿಯನ್ನೂ ಹೀಗೆಯೇ ಮಾಡಬಹುದು.

ಯಾವುದನ್ನೇ ಆಗಲಿ ಪೂರ್ಣವಾಗಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಬೆಚ್ಚಗಿರುವಾಗ ಮುಚ್ಚಿದರೆ ಒಳಗಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಅದರ ಮೇಲೆಯೇ ಬೀಳುವುದು. ನಮ್ಮ ಊರಿನ ಜುಲೈ ತಿಂಗಳ ಗಾಳಿಯೇ ಒದ್ದೆ. ಬಿಗಿಯಾದ ಮುಚ್ಚಳವಿಲ್ಲದೆ ಒಂದು ರಾತ್ರಿಯೂ ಗರಿಗರಿ ಉಳಿಯದು. ಮೆತ್ತಗಾದುದನ್ನು ಎಸೆಯಬೇಡಿರಿ, ಒಣ ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಆರಿಸಿದರೆ ಮತ್ತೆ ಮೊದಲಿನಂತಾಗುವುದು. ಆದರೆ ಎಣ್ಣೆ ಕಮಟು ವಾಸನೆ ಹಿಡಿದಿದ್ದರೆ ಅದಕ್ಕೆ ಮದ್ದಿಲ್ಲ.

ಬೂಷ್ಟು ಹಿಡಿದ ಶೇಂಗಾದ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. 1960 ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿಗೆ ಬೆರೆಸಿದ್ದ, ಎಣ್ಣೆ ತೆಗೆದ ಶೇಂಗಾದ ಹಿಂಡಿಯಲ್ಲಿ ಬೂಷ್ಟು ಬೆಳೆದು ವಿಷವನ್ನು ಉಂಟುಮಾಡಿತ್ತು. ಅದೇ ಅಫ್ಲಟಾಕ್ಸಿನ್. ಅದು ಯಕೃತ್ತನ್ನು ಕೆಡಿಸತಕ್ಕದ್ದು. ಹುರಿದರೂ ಪೂರ್ಣವಾಗಿ ನಾಶವಾಗದು. ಮುದುಡಿದ, ಬಣ್ಣಗೆಟ್ಟ, ಕಹಿಯಾದ ಕಾಳುಗಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಮನೆಯಲ್ಲಿ ನಾಲ್ಕೈದು ವರ್ಷಕ್ಕೆ ಕಿರಿಯ ತಮ್ಮ ತಂಗಿಯರಿದ್ದರೆ ಇಡಿಯ ಶೇಂಗಾ, ಇಡಿಯ ಬೇಳೆಗಳನ್ನು ಅವರ ಕೈಗೆ ಕೊಡಬೇಡಿರಿ; ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವುಂಟು. ನುಣ್ಣಗೆ ಕುಟ್ಟಿ ಉದುರಿಸಿದರೆ ಅವರೂ ತಿನ್ನಬಹುದು. ಶೇಂಗಾ ತಿಂದರೆ ಮೈಮೇಲೆ ದದ್ದು ಏಳುವವರೂ ಉಸಿರು ಕಟ್ಟುವವರೂ ಇದ್ದಾರೆ. ಅಂತಹ ಗೆಳೆಯನಿಗೆ ಒತ್ತಾಯ ಮಾಡಬಾರದು.

ಡಬ್ಬಿಗೆ ಕಟ್ಟುವ ಕ್ರಮ ಹೀಗಿರಲಿ. ಹೆಚ್ಚಿದ ತರಕಾರಿಯನ್ನು ಉಪ್ಪಿಲ್ಲದೆ ಒಂದು ಡಬ್ಬಿಯಲ್ಲಿ, ಕುರುಕಲನ್ನು ಇನ್ನೊಂದು ಪುಟ್ಟ ಡಬ್ಬಿಯಲ್ಲಿ, ಉಪ್ಪನ್ನು ಕಾಗದದ ಚೀಟಿಯಲ್ಲಿ ತನ್ನಿರಿ. ಗಂಟೆ ಬಾರಿಸಿದ ಮೇಲೆ ಬೆರೆಸಿ ಉಣ್ಣಿರಿ.

ಓದಿದುದನ್ನು ನಂಬುವ ಮೊದಲು ಪರೀಕ್ಷಿಸಿ ನೋಡಿರಿ. ಮೂರು ಬಟ್ಟಲುಗಳಲ್ಲಿ ನಾಲ್ಕು ನಾಲ್ಕು ಚಮಚ ಹೆಚ್ಚಿದ ಸೌತೆಕಾಯಿ ಹಾಕಿರಿ. ಮೊದಲನೆಯದಕ್ಕೆ ಉಪ್ಪನ್ನೂ ಕರಿದ ಬೇಳೆಯನ್ನೂ, ಎರಡನೆಯದಕ್ಕೆ ಬೇಳೆಯನ್ನು ಮಾತ್ರ, ಮೂರನೆಯದಕ್ಕೆ ಉಪ್ಪನ್ನು ಮಾತ್ರ ಬೆರೆಸಿರಿ. ಅರ್ಧ ಗಂಟೆಯ ತರುವಾಯ ಒಂದೊಂದರಿಂದಲೂ ನೀರನ್ನು ಬಸಿದು ಚಮಚದಿಂದ ಅಳೆಯಿರಿ. ಬೇಳೆಯನ್ನು ಕಚ್ಚಿ ಸದ್ದನ್ನು ಕೇಳಿರಿ. ಮೊದಲನೆಯ ಬಟ್ಟಲಲ್ಲಿ ಮೂರನೆಯದಕ್ಕಿಂತ ನೀರು ಕಡಿಮೆಯಿದ್ದರೆ, ಉಳಿದ ನೀರು ಎಲ್ಲಿಗೆ ಹೋಯಿತೆಂಬುದನ್ನು ನಿಮ್ಮ ವಹಿಯಲ್ಲಿ ಬರೆದು ತಂದು ತೋರಿಸಿರಿ.