ಹಳೆಯ ವಿದ್ಯುತ್ ಮಗ್ಗ: ಕೇಳಿದ ಬೆಲೆಗೆ ಬಾಳುವುದೇ?

ರಬಕವಿ-ಬನಹಟ್ಟಿಯ ನೇಕಾರಿಕೆಯಲ್ಲಿ ಹಳೆಯ ಮಗ್ಗಗಳ ಕ್ರಯವಿಕ್ರಯ ಹೊಸ ಸಂಗತಿಯೇನಲ್ಲ. 1904ರಲ್ಲಿಯೇ ಮೊದಲ ಯಂತ್ರಮಗ್ಗವನ್ನು ಕಂಡ ಗಡಿಯಾಚೆಯ ಇಚಲಕರಂಜಿಯಂಥ ಕೇಂದ್ರಗಳಲ್ಲಿ ಕಾರಖಾನೆಗಳು ಲಾಳಿಯಿಲ್ಲದ ರೇಪಿಯರ್, ಏರ್‌ಜೆಟ್ ಮಗ್ಗಗಳತ್ತ ಹೊರಳಿದಂತೆ ಸಾದಾ ಮಗ್ಗಗಳು ಮಾರಾಟಕ್ಕೆ ಬರುತ್ತವೆ. ಬೀಳಗಿ, ಮುಧೋಳಗಳಂಥ ಊರುಗಳಲ್ಲಿ ಅಲ್ಪ ಬಂಡವಾಳದಿಂದ ಎರಡೋ ನಾಲ್ಕೋ ಮಗ್ಗ ಹೂಡಬಯಸುವವರಿಗೆ ಇವುಗಳ ಬೆಲೆ ಆಕರ್ಷಕವಾಗಿ ತೋರುವುದು ಸಹಜ. ಆದರೆ ಅಗ್ಗಕ್ಕೆ ಕೊಂಡ ಮಗ್ಗವೇ ಕೊನೆಗೆ ತುಟ್ಟಿಯಾಗಿ, ಸಾಲದ ಕಂತನ್ನೂ ಹುಟ್ಟಿಸಲಾರದೆ ಮೂಲೆ ಸೇರುವುದುಂಟು. ಆದ್ದರಿಂದ ಬೆಲೆ ಕಟ್ಟುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಮೂಲ ಸೂತ್ರ

ಕಡಲತೀರದ ದೇಶಗಳಲ್ಲಿ ಹಳೆಯ ಮರದ ಹಾಯಿದೋಣಿ ಕೊಳ್ಳುವ ಜಾಣರು ಹೊಳೆಯುವ ಬಣ್ಣವನ್ನು ನಂಬುವುದಿಲ್ಲ. ದೋಣಿಯನ್ನು ನೀರಿನಿಂದ ಮೇಲಕ್ಕೆತ್ತಿಸಿ, ತಾವೇ ಸಂಬಳ ಕೊಟ್ಟ ಪರೀಕ್ಷಕನಿಂದ ಹಲಗೆ ಹಲಗೆಯನ್ನೂ ತಟ್ಟಿಸಿ ನೋಡುತ್ತಾರೆ. ಹಾಯಿ, ಹಗ್ಗಗಳು ಹರಿದಿದ್ದರೆ ಹೊಸದನ್ನು ಹಾಕಬಹುದು. ಅಡಿಮರವೂ ಪಕ್ಕೆಲುಬುಗಳೂ ಕೊಳೆತಿದ್ದರೆ ದುರಸ್ತಿಯ ವೆಚ್ಚ ದೋಣಿಯ ಬೆಲೆಯನ್ನೇ ಮೀರಬಹುದು. ಮಗ್ಗಕ್ಕೂ ಇದೇ ನ್ಯಾಯ. ಬದಲಿಸಬಹುದಾದ ಭಾಗದ ದೋಷವನ್ನು ಬೆಲೆಯಲ್ಲಿ ಕಳೆಯಬೇಕು. ಬದಲಿಸಲಾಗದ ಭಾಗದಲ್ಲಿ ದೋಷ ಕಂಡರೆ ವ್ಯವಹಾರವನ್ನೇ ಬಿಡಬೇಕು.

1. ಯಾವ ಬಟ್ಟೆಗೆ?

ಮಗ್ಗ ನೋಡಲು ಹೊರಡುವ ಮೊದಲೇ ತಾವು ನೇಯಲಿರುವ ಬಟ್ಟೆಯನ್ನು ನಿಶ್ಚಯಿಸಿಕೊಳ್ಳಬೇಕು. ಸೀರೆಯ ಅಗಲಕ್ಕೆ ಸಾಲದ ಮಗ್ಗ ಎಷ್ಟು ಗಟ್ಟಿಯಾಗಿದ್ದರೂ ಸೀರೆಗೆ ನಿರುಪಯೋಗಿ. ಹೊಕ್ಕಿನಲ್ಲಿ ಹಲವು ಬಣ್ಣ ಬೇಕಾದರೆ ಡ್ರಾಪ್ ಬಾಕ್ಸ್, ಅಂಚಿನ ವಿನ್ಯಾಸಕ್ಕೆ ಡಾಬಿ ಅಥವಾ ಜಕಾರ್ಡ್ ಬೇಕಾಗುತ್ತದೆ. ಇವು ಮಗ್ಗದ ಜೊತೆಗೇ ಬರುತ್ತವೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

2. ಚೌಕಟ್ಟು ಮತ್ತು ಶಾಫ್ಟುಗಳು

ಪಕ್ಕದ ಚೌಕಟ್ಟುಗಳು ಬೀಡುಕಬ್ಬಿಣದವು. ಈ ಲೋಹಕ್ಕೆ ಹಾಕಿದ ಬೆಸುಗೆ ಸಾಮಾನ್ಯವಾಗಿ ನಂಬಿಕೆಗೆ ಅರ್ಹವಲ್ಲ. ಹೊಸ ಬಣ್ಣ ಬಳಿದ ಮಗ್ಗವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಸಂಶಯವಿರುವ ಜಾಗವನ್ನು ಕೆರೆದು, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಬಳಪದ ಪುಡಿ ಉಜ್ಜಬೇಕು. ಬಿರುಕಿದ್ದರೆ ಒಳಗಿನ ಎಣ್ಣೆ ಒಸರಿ ಗೆರೆಯಾಗಿ ಮೂಡುತ್ತದೆ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಂಟೆಯಂತೆ ನುಡಿಯದೆ ಒಡಕು ದನಿ ಬಂದರೆ ಅದೂ ಒಂದು ಸೂಚನೆ.

ಬಳಿಕ ಕ್ರ್ಯಾಂಕ್ ಶಾಫ್ಟನ್ನು ಸನ್ನೆಕೋಲಿನಿಂದ ಎತ್ತಿ ಅಲುಗಾಟ ನೋಡಬೇಕು. ಬುಷ್ ಸವೆದಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ಶಾಫ್ಟೇ ಓರೆಯಾಗಿ ಸವೆದಿದ್ದರೆ, ಇಲ್ಲವೆ ಚೌಕಟ್ಟು ಬಿರುಕು ಬಿಟ್ಟು ಶಾಫ್ಟುಗಳ ನೇರ ತಪ್ಪಿದ್ದರೆ, ಲಾಳಿಯ ಓಟ ಎಂದೂ ಸರಿಹೋಗದು. ದಾರಿ ತಪ್ಪಿದ ಲಾಳಿ ಹೊರಗೆ ಹಾರಿ ಕೆಲಸಗಾರನ ಕಣ್ಣಿಗೆ ಬಡಿಯುವ ಅಪಾಯವೂ ಇದೆ.

3. ಸವೆಯುವ ಭಾಗಗಳು

ಪಿಕ್ಕರ್, ಪಿಕಿಂಗ್ ಕೋಲು, ಚರ್ಮದ ಪಟ್ಟಿ, ಲಾಳಿ, ಹೊಕ್ಕನ್ನು ಒತ್ತಿ ಕೂಡಿಸುವ ಫಣಿ, ಲಾಳಿ ಓಡುವ ಮರದ ಹಾಸು ಇವೆಲ್ಲ ಸವೆಯುವುದಕ್ಕೆಂದೇ ಇರುವ ಭಾಗಗಳು. ಲಾಳಿ ಪೆಟ್ಟಿಗೆಯ ಹಿಂಬದಿಯೂ ಫಣಿಯೂ ಒಂದೇ ನೇರದಲ್ಲಿವೆಯೇ ಎಂದು ನೇರಪಟ್ಟಿ ಹಿಡಿದು ಪರೀಕ್ಷಿಸಬೇಕು. ಪ್ರತಿ ದೋಷದ ಮುಂದೆಯೂ ಬಿಡಿಭಾಗದ ಬೆಲೆ ಹಾಗೂ ಜಾಬರ್‌ನ ಕೂಲಿ ಬರೆದುಕೊಂಡರೆ ಚೌಕಾಸಿಗೆ ಅದೇ ಆಧಾರ. ನೋಡಲು ಹೋಗುವಾಗ ನಂಬಿಗಸ್ತ ಜಾಬರ್‌ನನ್ನು ತಮ್ಮ ಖರ್ಚಿನಿಂದಲೇ ಕರೆದೊಯ್ಯುವುದು ಲೇಸು. ಮಾರುವವನೇ ಕರೆತಂದ ಪರೀಕ್ಷಕನ ಮಾತಿಗೆ ಬೆಲೆ ಕಡಿಮೆ.

4. ಓಡಿಸಿ ನೋಡುವುದು

ಬಿಚ್ಚಿಟ್ಟ ಮಗ್ಗವನ್ನು ಗುಜರಿ ದರಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬಾರದು. ನಿಂತ ಮಗ್ಗವನ್ನು ಹಾಸು ಹೂಡಿಸಿ ಕನಿಷ್ಠ ಎರಡು ತಾಸು ಓಡಿಸಬೇಕು. ನಿಂತ ಸಲಗಳೆಷ್ಟು, ಪ್ರತಿಸಲ ಕಾರಣವೇನು ಎಂಬುದನ್ನು ಗುರುತುಮಾಡಿಕೊಳ್ಳಬೇಕು. ನೂಲು ಹರಿದರೆ ನೂಲಿನ ದೋಷವಿರಬಹುದು. ಲಾಳಿ ನಡುವೆ ಸಿಕ್ಕಿಕೊಂಡರೆ ಮಗ್ಗವನ್ನು ಸಂಶಯಿಸಬೇಕು. ಇಳಿದ ಬಟ್ಟೆಯಲ್ಲಿ ಇಂಚಿಗೆ ಹೊಕ್ಕಿನ ಎಳೆಗಳನ್ನು ನಾಲ್ಕಾರು ಕಡೆ ಎಣಿಸಿ, ಸಮನಾಗಿವೆಯೇ ಎಂದೂ ನೋಡಬೇಕು.

5. ಲೆಕ್ಕ

ನಿಮಿಷಕ್ಕೆ 120 ಹೊಕ್ಕು ಹಾಕುವ ಮಗ್ಗದಲ್ಲಿ ಇಂಚಿಗೆ 60 ಹೊಕ್ಕಿನ ಬಟ್ಟೆ ನೇಯುತ್ತೇವೆ ಎನ್ನೋಣ. ಒಂದು ಮೀಟರಿಗೆ ಸುಮಾರು 2,362 ಹೊಕ್ಕು ಬೇಕು. ಕಾರ್ಯಕ್ಷಮತೆ ಶೇ. 75 ಇದ್ದರೆ ದಿನದ 10 ತಾಸಿನಲ್ಲಿ ಸುಮಾರು 22.9 ಮೀಟರ್ ಇಳಿಯುತ್ತದೆ, ಶೇ. 60 ಇದ್ದರೆ 18.3 ಮೀಟರ್ ಮಾತ್ರ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ ಸುಮಾರು 1,370 ಮೀಟರಿನ ಅಂತರ. ಮೀಟರಿಗೆ 8 ರೂ. ಮಜೂರಿ ಹಿಡಿದರೆ ಸುಮಾರು 11,000 ರೂ. ನಷ್ಟ.

ಈಗ ಎರಡು ಮಗ್ಗಗಳನ್ನು ಹೋಲಿಸೋಣ. ಮೊದಲನೆಯದು ಬಣ್ಣ ಬಳಿದು ಮೆರೆಯುವಂಥದು, ಆದರೆ ಚೌಕಟ್ಟು ಬೆಸುಗೆ ಕಂಡದ್ದು: ಬೆಲೆ 35,000 ರೂ., ಸಾಗಣೆ ಮತ್ತು ಜೋಡಣೆ 6,000 ರೂ., ಒಟ್ಟು 41,000 ರೂ. ಎರಡನೆಯದು ತುಕ್ಕು ಹಿಡಿದದ್ದು, ಆದರೆ ಚೌಕಟ್ಟು ಗಟ್ಟಿ: ಬೆಲೆ 28,000 ರೂ., ದುರಸ್ತಿ 9,000 ರೂ., ಸಾಗಣೆ ಮತ್ತು ಜೋಡಣೆ 6,000 ರೂ., ಒಟ್ಟು 43,000 ರೂ. ಮೊದಲನೆಯದು ಶೇ. 60ರಲ್ಲಿ, ಎರಡನೆಯದು ಶೇ. 75ರಲ್ಲಿ ಓಡಿದರೆ, ಉಳಿದಂತೆ ಕಂಡ 2,000 ರೂ. ಎರಡೂಕಾಲು ತಿಂಗಳೊಳಗೆ ಕರಗಿಹೋಗುತ್ತದೆ. ಈ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

6. ಕಾಗದಪತ್ರ

ಮಗ್ಗದ ಮೇಲೆ ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂಗಡ ಕೊಡಬಾರದು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಲ್ಲಿದೆ. ನೋಂದಾಯಿತ ಉದ್ದಿಮೆದಾರರು ಕಟ್ಟಿದ ತೆರಿಗೆಯನ್ನು ಜಮೆ ಪಡೆಯಬೇಕಾದರೆ ಸರಿಯಾದ ತೆರಿಗೆ ಬಿಲ್ಲು ಅಗತ್ಯ. ಬಿಲ್ಲಿನಲ್ಲಿ ಮಗ್ಗದ ಜೊತೆ ಬರುವ ಮೋಟಾರು, ಡಾಬಿ, ಬೀಮುಗಳನ್ನು ಒಂದೊಂದಾಗಿ ಬರೆಯಿಸಬೇಕು.

ಉಪಸಂಹಾರ

ಮಗ್ಗದ ಗುಜರಿ ಬೆಲೆ ಚೌಕಾಸಿಯ ಕೆಳಗಿನ ಗೆರೆ. ಗಟ್ಟಿ ಚೌಕಟ್ಟಿನ ಮಗ್ಗ ದುರಸ್ತಿಯಾಗಿ ನಿಂತಾಗ ಬಾಳುವ ಬೆಲೆಯಿಂದ ದುರಸ್ತಿ, ಸಾಗಣೆ, ಜೋಡಣೆಗಳ ವೆಚ್ಚ ಕಳೆದರೆ ಉಳಿಯುವುದು ಮೇಲಿನ ಗೆರೆ. ಈ ಎರಡರ ನಡುವೆ ಎಲ್ಲಿ ನಿಂತರೂ ವ್ಯವಹಾರ ಕ್ಷೇಮ. ಮೇಲಿನ ಗೆರೆ ದಾಟಿದರೆ ಬರಿಗೈಯಲ್ಲಿ ಮರಳುವುದೇ ಲಾಭ. ಬಂಡವಾಳ ಕೈಯಲ್ಲಿದ್ದರೆ ಇನ್ನೊಂದು ಮಗ್ಗ ಸಿಕ್ಕೇ ಸಿಗುತ್ತದೆ.