ತಾಟು ಬೇರೆ ಇಡಬೇಕೆ?

ಪ್ರಶ್ನೆ: ಡಾಕ್ಟರ ಸಾಹೇಬರೇ, ನಮ್ಮದು ಕುಂದಗೋಳ ತಾಲೂಕಿನ ಒಂದು ಹಳ್ಳಿ. ನಮ್ಮ ಮನೆಯವರಿಗೆ 54 ವರ್ಷ. ಬೀಡಿ, ಗುಟ್ಕಾ ಮುಟ್ಟಿದವರಲ್ಲ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟೊಂದು ಎದ್ದಿತ್ತು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಟಾನ್ಸಿಲ್ ಕ್ಯಾನ್ಸರೆಂದೂ ಅದು ಎಚ್‌ಪಿವಿ ವೈರಸ್ಸಿನಿಂದ ಬಂದದ್ದೆಂದೂ ಹೇಳಿದರು. ಆ ವೈರಸ್ಸು ಗಂಡು-ಹೆಣ್ಣಿನ ಕೂಟದಿಂದ ಹರಡುವುದೆಂದು ಕೇಳಿದಂದಿನಿಂದ ನನಗೆ ನಿದ್ದೆಯಿಲ್ಲ. ಅವರ ತಾಟು, ತಂಬಿಗೆ ಬೇರೆ ಇಟ್ಟಿದ್ದೇನೆ. ನಾನು ಏನೆಂದು ತಿಳಿಯಬೇಕು?

ಉತ್ತರ: ತಾಯಿ, ತಾಟು-ತಂಬಿಗೆಗಳನ್ನು ಇಂದೇ ಒಂದುಗೂಡಿಸಿರಿ. ಸಹಭೋಜನದಿಂದ ಈ ವೈರಾಣು ಹರಡುವುದಿಲ್ಲ. ಕ್ಯಾನ್ಸರಂತೂ ಒಬ್ಬರಿಂದೊಬ್ಬರಿಗೆ ಅಂಟುವ ವ್ಯಾಧಿಯೇ ಅಲ್ಲ. ಹಿಂದೊಮ್ಮೆ ನನ್ನಲ್ಲಿಗೆ ಬಂದ ಗೃಹಿಣಿಯೊಬ್ಬರು ಚೀಲದಿಂದ ಎರಡು ಲೋಟ ತೆಗೆದರು. ಒಂದಕ್ಕೆ ಗುರುತಿಗಾಗಿ ಕೆಂಪು ದಾರ ಕಟ್ಟಿತ್ತು. ಆ ಲೋಟದಲ್ಲಿ ನೀರು ಕುಡಿದ ಪತಿ ತಲೆಯೆತ್ತಲಿಲ್ಲ. ರೋಗಕ್ಕಿಂತ ಆ ದಾರವೇ ಅವನನ್ನು ಹೆಚ್ಚು ಕುಗ್ಗಿಸಿತ್ತೆಂದು ನನಗೆ ಇಂದಿಗೂ ಅನಿಸುತ್ತದೆ.

ಇನ್ನು ಶಂಕೆಯ ಮಾತು. ಇನ್ನೂರಕ್ಕೂ ಹೆಚ್ಚು ಬಗೆಗಳುಳ್ಳ ಈ ವೈರಾಣುಕುಲದಲ್ಲಿ 16ನೆಯದನ್ನು ಗರ್ಭಕಂಠದ ಕ್ಯಾನ್ಸರಿನೊಳಗೆ 1983ರಲ್ಲಿ ಗುರುತಿಸಿ, 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಜರ್ಮನಿಯ ಹರಾಲ್ಡ್ ಝೂರ್ ಹೌಸನ್. ಗಂಟಲಿನ ಇಂಥ ಕ್ಯಾನ್ಸರಿಗೂ ಬಹುಮಟ್ಟಿಗೆ ಅದೇ ಕಾರಣ. ಬಾಯಿಯ ಮೂಲಕ ನಡೆಯುವ ದೇಹಸಂಪರ್ಕದಿಂದ ಅದು ಒಳಸೇರುತ್ತದೆ. ಈ ಕುಲದ ವೈರಾಣು ದಾಂಪತ್ಯಜೀವನ ನಡೆಸುವ ಬಹುಜನರ ಶರೀರವನ್ನು ಎಂದಾದರೊಮ್ಮೆ ಹೊಕ್ಕು, ಒಂದೆರಡು ವರ್ಷಗಳಲ್ಲಿ ಅರಿವಿಗೇ ಬಾರದಂತೆ ನಿರ್ಗಮಿಸುತ್ತದೆ. ಕೆಲವೇ ಜನರಲ್ಲಿ ಮಾತ್ರ ಟಾನ್ಸಿಲ್ಲಿನ ಮಡಿಕೆಗಳ ಆಳದಲ್ಲಿ ಉಳಿದು, ಜೀವಕೋಶಗಳ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಸಹಜ ಕಾವಲನ್ನು ಮುರಿದು, ಹತ್ತಾರು ವರ್ಷಗಳ ತರುವಾಯ ಗಂಟಾಗಿ ತಲೆದೋರುತ್ತದೆ. ಅದು ಯಾವ ವರ್ಷ, ಯಾರಿಂದ ಬಂತೆಂಬುದನ್ನು ಲೋಕದ ಯಾವ ಪರೀಕ್ಷೆಯೂ ಹೇಳಲಾರದು. ಆದುದರಿಂದ ಈ ವರದಿಯನ್ನು ಅವರ ನಡತೆಯ ಮೇಲಣ ಸಾಕ್ಷಿಯೆಂದು ಓದುವುದು ಘೋರ ಅನ್ಯಾಯ.

ನಮ್ಮ ನಾಡಿನಲ್ಲಿ ಬಾಯಿ-ಗಂಟಲಿನ ಕ್ಯಾನ್ಸರಿನ ದೊಡ್ಡ ಕಾರಣ ಇಂದಿಗೂ ತಂಬಾಕೇ. ಗುಟ್ಕಾ 2013ರಲ್ಲಿ ನಿಷಿದ್ಧವಾದರೂ ಪಾನ್ ಮಸಾಲೆಯ ಪೊಟ್ಟಣವನ್ನೂ ತಂಬಾಕಿನ ಪೊಟ್ಟಣವನ್ನೂ ಬೇರೆಬೇರೆ ಕೊಂಡು ಅಂಗೈಯಲ್ಲೇ ಬೆರೆಸುವವರನ್ನು ನವಲಗುಂದ, ಅಣ್ಣಿಗೇರಿಗಳ ಬಸ್‌ನಿಲ್ದಾಣದಲ್ಲಿ ಯಾರು ಬೇಕಾದರೂ ಕಾಣಬಹುದು. ಚಟವಿಲ್ಲದವನ ಕುತ್ತಿಗೆಯ ಗಂಟನ್ನು ಮನೆಯವರು ತಿಂಗಳುಗಟ್ಟಲೆ ಉಪೇಕ್ಷಿಸುವುದು ತಂಬಾಕಿಲ್ಲದೆ ಈ ರೋಗ ಬಾರದೆಂಬ ನಂಬಿಕೆಯಿಂದಲೇ. ಮೂರು ವಾರಕ್ಕೂ ಇಳಿಯದ ಗಂಟು ಯಾರದೇ ಆಗಿರಲಿ, ವೈದ್ಯರಿಗೆ ತೋರಿಸಲೇಬೇಕು.

ವೈರಾಣುವಿನಿಂದಾದ ಗಂಟಲಿನ ಕ್ಯಾನ್ಸರು ತಂಬಾಕಿನದಕ್ಕಿಂತ ಚಿಕಿತ್ಸೆಗೆ ಹೆಚ್ಚು ಮಣಿಯುತ್ತದೆಂಬುದು ನಿಮಗೆ ಸಮಾಧಾನದ ಸಂಗತಿ. ನಿಮ್ಮ ಮಟ್ಟಿಗೆ ಹೇಳುವುದಾದರೆ, 30 ದಾಟಿದ ಎಲ್ಲ ಸ್ತ್ರೀಯರಂತೆ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಿರಿ; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಮನೆಯಲ್ಲಿ 9ರಿಂದ 14ರ ಮಕ್ಕಳಿದ್ದರೆ ಈ ವೈರಾಣುವನ್ನು ತಡೆಯುವ ಲಸಿಕೆಯ ವಿಷಯವನ್ನೂ ಕೇಳಿರಿ. ಪುಣೆಯ ಸೀರಮ್ ಸಂಸ್ಥೆ ಸಿದ್ಧಪಡಿಸಿದ ನಮ್ಮ ದೇಶದ ಲಸಿಕೆ 2022ರಲ್ಲಿ ಪ್ರಕಟವಾಯಿತು. ಆದರೆ ಈಗಾಗಲೇ ಬಂದ ರೋಗಕ್ಕೆ ಅದು ಔಷಧವಲ್ಲ.

ನಿಮ್ಮ ಪತಿಗೆ ಕಿರಣಚಿಕಿತ್ಸೆ ನಿಶ್ಚಯವಾದರೆ ಅದು ಸಾಧಾರಣವಾಗಿ ಆರೇಳು ವಾರ, ವಾರಕ್ಕೆ ಐದು ದಿನ ನಡೆಯುತ್ತದೆ. ಬಾಯಿ ಒಣಗಿ, ರುಚಿ ಕೆಟ್ಟು, ಖಡಕ್ ರೊಟ್ಟಿ ಗಂಟಲಲ್ಲಿ ಇಳಿಯದು. ಆಗ ಖಾರ ಬಿಟ್ಟು, ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ತಣಿದ ಮೇಲೆ ಮಜ್ಜಿಗೆ ಕಲಸಿ ಸ್ವಲ್ಪಸ್ವಲ್ಪವಾಗಿ ಕೊಡಿರಿ. ಅದೇ ತಾಟಿನಿಂದ ನೀವೂ ಎರಡು ತುತ್ತು ಉಣ್ಣಿರಿ.