ಕಟ್ಟಿಂಗೇರಿಯ ನೆಲ, ಹೆಬ್ಬಾರರ ಗೆರೆ

ಭಾರತದ ಆಧುನಿಕ ಚಿತ್ರಕಲೆಯ ಇತಿಹಾಸದಲ್ಲಿ ಕೆ. ಕೆ. ಹೆಬ್ಬಾರರ ಹೆಸರು ಸುಪ್ರಸಿದ್ಧವಾದುದು. ಪೂರ್ಣ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡರೂ ಹುಟ್ಟೂರನ್ನು ಹೆಸರಿನ ಮೊದಲಲ್ಲಿಯೇ ಹೊತ್ತು ನಡೆದವರು ಅವರು. 1911ರಲ್ಲಿ ಅವರು ಜನಿಸಿದಾಗ ಕಟ್ಟಿಂಗೇರಿಯೂ ನಮ್ಮ ಕಾಸರಗೋಡೂ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬೇರೆಯಾಯಿತು. ನೆಲದ ಬಣ್ಣ ಬೇರೆಯಾಗಲಿಲ್ಲ. ಆದುದರಿಂದ ಹೆಬ್ಬಾರರ ಕಲೆಯ ಮೂಲವನ್ನು ಅರಸುವುದೆಂದರೆ ನಮ್ಮ ಅಂಗಳವನ್ನೇ ಇನ್ನೊಮ್ಮೆ ನೋಡಿದಂತೆ ಎಂಬುದು ನನ್ನ ಭಾವನೆ.

ನಿವೃತ್ತಿಯ ಬಳಿಕ ನಾನು ಎರಡು ಬಾರಿ ಆ ಕಡೆಗೆ ಪ್ರವಾಸ ಕೈಗೊಂಡೆನು. ಇಲ್ಲಿಂದ ಉಡುಪಿಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ಕಟ್ಟಿಂಗೇರಿಯು ಮೂಡುಬೆಳ್ಳೆಯ ಸಮೀಪದಲ್ಲಿ, ಶಂಕರಪುರದ ಮಲ್ಲಿಗೆ ಬೆಳೆಯುವ ಸೀಮೆಯಲ್ಲಿದೆ. ಮುರಕಲ್ಲಿನ ಗುಡ್ಡ, ಅದರ ಬುಡದಲ್ಲಿ ಗದ್ದೆ, ಗದ್ದೆಯಂಚಿಗೆ ತೆಂಗು ಕಂಗು, ಮರಗಳ ನೆರಳಿನಲ್ಲಿ ನಾಗಬನ. ಬೆರಗುಗೊಳಿಸುವಂಥದು ಏನೂ ಇಲ್ಲ. ಕುಂಬಳೆಯಲ್ಲಿಯೋ ಬದಿಯಡ್ಕದಲ್ಲಿಯೋ ಬಸ್ಸಿಳಿದು ಒಂದು ಮೈಲು ಒಳಗೆ ನಡೆದರೆ ಕಾಣುವುದೂ ಇದೇ. ಆದರೆ ಇಂಥ ನೋಟದಿಂದಲೇ ಒಬ್ಬ ಮಹಾಕಲಾವಿದನ ಕಣ್ಣು ಮೊದಲ ಪಾಠ ಕಲಿಯಿತು ಎಂಬುದನ್ನು ನೆನೆದಾಗ ಆ ಸಾಮಾನ್ಯ ನೋಟಕ್ಕೆ ಬೇರೊಂದು ಅರ್ಥ ಬರುತ್ತದೆ.

ಹೆಬ್ಬಾರರ ತಂದೆ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದರು. ಚೌತಿಯ ಮೂರ್ತಿಗೆ ಬೇಕಾದುದು ಆವೆಮಣ್ಣು. ಮಣ್ಣಿನ ಮುದ್ದೆಯು ಬೆರಳುಗಳ ನಡುವೆ ಹೊಟ್ಟೆಯಾಗಿ, ಸೊಂಡಿಲಾಗಿ ಬಾಗುವುದನ್ನು ಮನೆಯಲ್ಲಿಯೇ ಕಂಡ ಬಾಲಕನಿಗೆ ಗೆರೆಯ ಬಾಗು ಬಳುಕುಗಳನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿತ್ತೇ?

ಎರಡನೆಯ ಪಾಠಶಾಲೆ ನಾಗಮಂಡಲ. ಅರಿಶಿನದ ಹಳದಿ, ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಎಲೆಯ ಪುಡಿಯ ಹಸುರು, ಸುಟ್ಟ ಉಮಿಯ ಕಪ್ಪು, ಹೀಗೆ ಐದು ಬಣ್ಣಗಳಿಂದ ಸರ್ಪದ ಸುತ್ತುಗಳನ್ನು ನೆಲದ ಮೇಲೆ ಬರೆಯುತ್ತಾರೆ. ರಾತ್ರಿಯಿಡೀ ಅದರ ಸುತ್ತ ನರ್ತನ ನಡೆದು ಬೆಳಗಾಗುವಷ್ಟರಲ್ಲಿ ಚಿತ್ರ ಅಳಿಯುತ್ತದೆ. ಇಲ್ಲಿ ಗೆರೆ ಮತ್ತು ಕುಣಿತ ಒಂದನ್ನೊಂದು ಬಿಟ್ಟಿರುವುದಿಲ್ಲ. ಈ ನಾಗಮಂಡಲವೂ ಯಕ್ಷಗಾನವೂ ಕೋಳಿ ಅಂಕವೂ ಮುಂದೆ ಹೆಬ್ಬಾರರ ಚಿತ್ರಗಳಿಗೆ ವಸ್ತುವಾದವು.

ಮೂರನೆಯದು ಉಡುಪಿಯ ರಥಬೀದಿ. ಮಕರ ಸಂಕ್ರಾಂತಿಯ ಮೂರು ತೇರುಗಳ ಉತ್ಸವವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೆಳಗೆ ಕೆತ್ತನೆಯ ಮರದ ಅಡ್ಡೆ, ಮೇಲೆ ಪತಾಕೆಗಳಿಂದ ತುಂಬಿದ ದುಂಡನೆಯ ಮೈ, ಸುತ್ತಲೂ ಹಗ್ಗಕ್ಕೆ ಕೈಯಿಕ್ಕಿದ ಜನ. ಬೀದಿಯ ಒಂದು ಬದಿಯಲ್ಲಿ ನಿಂತು ನೋಡಿದರೆ ಸಾವಿರ ಬೆನ್ನುಗಳು ಒಂದೇ ಅಲೆಯಂತೆ ಬಾಗುವುದು ತಿಳಿಯುತ್ತದೆ.

ಆದರೆ ಊರೊಂದೇ ಕಲಾವಿದನನ್ನು ಮಾಡಲಾರದು. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು. ಅಜಂತೆಯ ಭಿತ್ತಿಚಿತ್ರ, ಜೈನ ಹಸ್ತಪ್ರತಿ, ರಾಜಪುತ ಮತ್ತು ಮೊಗಲ್ ಚಿತ್ರಗಳನ್ನು ಅಭ್ಯಸಿಸಿದರು. 1949-50ರಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್ನಿನಲ್ಲಿ ಕಲಿತರು. ಲಯದ ಮರ್ಮವನ್ನು ತಿಳಿಯಲೆಂದು ಕಥಕ್ ನೃತ್ಯವನ್ನೂ ಕಲಿತವರು ಅವರು. 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಪುಸ್ತಕಕ್ಕೆ ‘ದಿ ಸಿಂಗಿಂಗ್ ಲೈನ್’, ಅಂದರೆ ಹಾಡುವ ರೇಖೆ, ಎಂಬ ಹೆಸರು ಬಂದುದು ಎಷ್ಟು ಸಾರ್ಥಕ! 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳು ಸಂದವು. 1996ರಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು. ಬಾಲ್ಯದ ನೋಟ ಬೀಜವಾದರೆ, ಈ ದೀರ್ಘ ಸಾಧನೆಯೇ ನೀರು ಗೊಬ್ಬರ. ಎರಡರಲ್ಲಿ ಒಂದು ಇಲ್ಲದಿದ್ದರೂ ಫಲವಿಲ್ಲ.

ಹೋಗಬಯಸುವವರಿಗೆ ಒಂದು ಸೂಚನೆ. ಮೊದಲು ಅವರ ಚಿತ್ರಗಳನ್ನು ನೋಡಿಕೊಳ್ಳಿರಿ; ಅವರ ಹೆಸರಿನ ಗ್ಯಾಲರಿಯೊಂದನ್ನು ಮಣಿಪಾಲದಲ್ಲಿ ಸ್ಥಾಪಿಸಲಾಗಿದೆ. ಅನಂತರ ಕಟ್ಟಿಂಗೇರಿಯತ್ತ ನಡೆಯಿರಿ. ಚಿತ್ರದಿಂದ ಊರಿಗೆ ಬಂದ ಕಣ್ಣು ಸುಮ್ಮನೆ ಊರಿಗೆ ಬಂದ ಕಣ್ಣಿಗಿಂತ ಹೆಚ್ಚನ್ನು ಕಾಣುತ್ತದೆ.

ಇನ್ನು ನಮ್ಮ ಶಾಲೆಯ ವಿಚಾರ. ‘ನಮ್ಮ ಊರಿನಲ್ಲಿ ಏನಿದೆ, ಮಾಸ್ಟ್ರೇ?’ ಎಂದು ಕೇಳಿದ ಮಕ್ಕಳನ್ನು ನನ್ನ ಅಧ್ಯಾಪನದ ವರ್ಷಗಳಲ್ಲಿ ಬಹಳ ಕಂಡಿದ್ದೇನೆ. ಯಕ್ಷಗಾನದ ಪಿತಾಮಹನೆನಿಸಿದ ಪಾರ್ತಿಸುಬ್ಬನು ಕುಂಬಳೆಯವನು. ತೆಂಕುತಿಟ್ಟಿನ ವೇಷಧಾರಿ ದಿಗಿಣ ಹಾಕುವಾಗ ಗಾಳಿಯಲ್ಲಿ ಮೂಡುವ ಸುತ್ತನ್ನು ನಮ್ಮ ಮಕ್ಕಳು ಬಲ್ಲರು. ಮಧೂರಿನ ಮಹಾಗಣಪತಿಯ ಐತಿಹ್ಯವೂ ನಿಮಗೆ ಗೊತ್ತಿದೆ: ಬಾಲಕನೊಬ್ಬನು ಆಟವಾಡುತ್ತಾ ಗರ್ಭಗುಡಿಯ ಗೋಡೆಯಲ್ಲಿ ಬರೆದ ಚಿತ್ರವೇ ದಿನೇದಿನೇ ಬೆಳೆದು ಬೊಡ್ಡಜ್ಜನಾಯಿತಂತೆ. ಮಗುವಿನ ಗೆರೆಯನ್ನು ದೇವರೆಂದು ಪೂಜಿಸುವ ಸೀಮೆ ನಮ್ಮದು. ಹೀಗಿದ್ದೂ ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಪರೀಕ್ಷೆಯ ವಿಷಯಗಳು ನುಂಗಿಬಿಡುತ್ತವೆ.

ಗದ್ದೆಗಳು ಕಡಮೆಯಾಗುತ್ತಿವೆ. ಮುಟ್ಟಾಳೆ, ಏತ, ಕಳಸೆ ಮುಂತಾದವು ಮನೆಗಳಿಂದ ಮರೆಯಾಗುತ್ತಿವೆ. ವಸ್ತು ಹೋದ ಹಿಂದೆಯೇ ಅದರ ಹೆಸರೂ ಹೋಗುತ್ತದೆ. ಗಡಿನಾಡಿನ ಕನ್ನಡ ಶಾಲೆಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ಈ ವರ್ಷ ಪ್ರತಿಯೊಂದು ಮಗುವಿಗೂ ಒಂದು ಚಿತ್ರಪುಸ್ತಕವನ್ನು ಕೊಡಿಸಿರಿ. ತನ್ನ ಮನೆಯ, ಊರಿನ ಹತ್ತು ವಸ್ತುಗಳನ್ನು ನೋಡಿ ಬರೆದು, ಅಜ್ಜ ಅಜ್ಜಿಯರನ್ನು ಕೇಳಿ ಅವುಗಳ ಹೆಸರನ್ನು ಕನ್ನಡದಲ್ಲಿಯೂ ಮನೆಮಾತಿನಲ್ಲಿಯೂ ಕೆಳಗೆ ಬರೆಯಲಿ. ಎಲ್ಲರೂ ಹೆಬ್ಬಾರರಾಗಬೇಕಾಗಿಲ್ಲ. ತನ್ನ ಊರಿನಲ್ಲಿ ನೋಡತಕ್ಕುದು ಇದೆಯೆಂದು ಅರಿತ ಮಗು ಎಲ್ಲಿಗೆ ಹೋದರೂ ಅನಾಥವಾಗದು. ಆ ಪುಸ್ತಕಗಳನ್ನು ನೋಡುವ ಭಾಗ್ಯ ನನಗೂ ಲಭಿಸಲೆಂದು ಹಾರೈಸುತ್ತೇನೆ.